ಸಿ.ಎ. ಪರೀಕ್ಷೆಯ ಅಂಕ ಪರಿಶೀಲನೆ

ಸಿ.ಎ. ಪರೀಕ್ಷೆಯ ಅಂಕ ಪರಿಶೀಲನೆಯು ಫಲಿತಾಂಶದ ಬಗ್ಗೆ ಸಂದೇಹವುಳ್ಳ ಅಭ್ಯರ್ಥಿಗೆ ನಿಯಮಗಳಲ್ಲಿ ಒದಗಿಸಲಾದ ಪರಿಹಾರ ಕ್ರಮವಾಗಿದೆ. ಇದು ಮರುಮೌಲ್ಯಮಾಪನವಲ್ಲ. ಈ ಪರೀಕ್ಷೆಯನ್ನು 1949ರ ಕಾಯ್ದೆಯಡಿ ಸ್ಥಾಪಿತವಾದ ಭಾರತೀಯ ಸನ್ನದು ಲೆಕ್ಕಪರಿಶೋಧಕರ ಸಂಸ್ಥೆಯು ನಡೆಸುತ್ತದೆ.

ಮಹತ್ವ

ಮಧ್ಯಂತರ ಮತ್ತು ಅಂತಿಮ ಹಂತಗಳಲ್ಲಿ ಉತ್ತೀರ್ಣರಾಗಲು ಪ್ರತಿ ಪತ್ರಿಕೆಯಲ್ಲಿ ಕನಿಷ್ಠ ಶೇ. 40 ಹಾಗೂ ಗುಂಪಿನ ಒಟ್ಟು ಅಂಕಗಳಲ್ಲಿ ಶೇ. 50 ಪಡೆಯಬೇಕು. ಆದುದರಿಂದ ಕೂಡುವಾಗ ಬಿಟ್ಟುಹೋದ ಒಂದೇ ಅಂಕವೂ ಅಭ್ಯರ್ಥಿಯನ್ನು ಅನುತ್ತೀರ್ಣಗೊಳಿಸಬಲ್ಲದು.

ನಿಯಮ

1988ರ ನಿಯಮಾವಳಿಯ 39(4)ನೆಯ ನಿಯಮದಂತೆ, ಫಲಿತಾಂಶ ಪ್ರಕಟವಾದ ಒಂದು ತಿಂಗಳೊಳಗೆ ಶುಲ್ಕ ಸಹಿತ ಅರ್ಜಿ ಸಲ್ಲಿಸಬೇಕು. ಎಲ್ಲ ಉತ್ತರಗಳಿಗೂ ಅಂಕ ನೀಡಲಾಗಿದೆಯೇ ಎಂಬುದನ್ನು ಮಾತ್ರ ಪರಿಶೀಲಿಸಲಾಗುತ್ತದೆ. ಉತ್ತರದ ಗುಣಮಟ್ಟವನ್ನು ಮತ್ತೆ ಅಳೆಯುವುದಿಲ್ಲ. ತಪ್ಪು ಕಂಡುಬಂದಲ್ಲಿ ಶುಲ್ಕವನ್ನು ಹಿಂದಿರುಗಿಸಲಾಗುತ್ತದೆ.

ಉತ್ತರ ಪತ್ರಿಕೆಯ ಪ್ರತಿ

ಮೌಲ್ಯಮಾಪನಗೊಂಡ ತನ್ನ ಉತ್ತರ ಪತ್ರಿಕೆಯನ್ನು ನೋಡಲು ಅಭ್ಯರ್ಥಿಗೆ ಮಾಹಿತಿ ಹಕ್ಕು ಕಾಯ್ದೆಯಡಿ ಅಧಿಕಾರವಿದೆ ಎಂದು ಸರ್ವೋಚ್ಚ ನ್ಯಾಯಾಲಯವು 2011ರ ಆಗಸ್ಟ್‌ನಲ್ಲಿ ತೀರ್ಪಿತ್ತಿತು. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ, ಈ ಸಂಸ್ಥೆಯೇ ಕಕ್ಷಿಯಾಗಿದ್ದ ಶೌನಕ್ ಸತ್ಯ ಪ್ರಕರಣದಲ್ಲಿ, ಪರೀಕ್ಷಕರಿಗೆ ನೀಡಿದ ಸೂಚನೆಗಳನ್ನು ಬಹಿರಂಗಪಡಿಸಬೇಕಿಲ್ಲ ಎಂದಿತು. ಎರಡೂ ಪೀಠಗಳಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯದ ಮಾಜಿ ನ್ಯಾಯಾಧೀಶರಾದ ಆರ್.ವಿ. ರವೀಂದ್ರನ್ ಇದ್ದರು.

ನ್ಯಾಯಾಲಯದ ಮೊರೆ

ನಿಯಮಗಳು ಅನುಮತಿಸದಿದ್ದರೆ ಮರುಮೌಲ್ಯಮಾಪನವನ್ನು ಹಕ್ಕಾಗಿ ಕೇಳಲಾಗದೆಂದು ಸರ್ವೋಚ್ಚ ನ್ಯಾಯಾಲಯವು 1984ರಲ್ಲಿಯೇ ಮಹಾರಾಷ್ಟ್ರದ ಶಿಕ್ಷಣ ಮಂಡಳಿಯ ಪ್ರಕರಣದಲ್ಲಿ ಹೇಳಿತ್ತು. ನಿಯಮ ಪಾಲನೆಯಲ್ಲೇ ಲೋಪವಾಗಿದ್ದರೆ ಸಂವಿಧಾನದ 226ನೆಯ ವಿಧಿಯಡಿ ಉಚ್ಚ ನ್ಯಾಯಾಲಯಕ್ಕೆ ರಿಟ್ ಅರ್ಜಿ ಸಲ್ಲಿಸಬಹುದು. ಚಾಮರಾಜನಗರ, ಗುಂಡ್ಲುಪೇಟೆ ಭಾಗದವರಿಗೆ ಈ ಪೀಠವು ಬೆಂಗಳೂರಿನಲ್ಲಿದೆ. ಹೀಗಾಗಿ ಮೊದಲು ಉತ್ತರ ಪತ್ರಿಕೆಯ ಪ್ರತಿ ಪಡೆದು, ಲೋಪವು ಅಂಕ ನೀಡದಿರುವುದರಲ್ಲಿದೆಯೋ ಅಥವಾ ಕಡಿಮೆ ನೀಡಿರುವುದರಲ್ಲಿದೆಯೋ ಎಂದು ನಿರ್ಧರಿಸಿಕೊಳ್ಳುವುದು ಮುಖ್ಯ. ಮೊದಲನೆಯದಕ್ಕೆ ನಿಯಮದಲ್ಲಿ ಪರಿಹಾರವಿದೆ, ಎರಡನೆಯದಕ್ಕೆ ಇಲ್ಲ.