ಎರಡು ಚಿತ್ರ, ಒಂದೇ ಹೆಸರು!

ಮಕ್ಕಳೇ, ನಿಮ್ಮ ಶಾಲೆಯಲ್ಲಿ ಒಂದು ಡಿಜಿಟಲ್ ಕ್ಯಾಮೆರಾ, ಎರಡು ಮೆಮೊರಿ ಕಾರ್ಡ್ ಇವೆ ಎಂದು ತಿಳಿಯಿರಿ. ಇಂಡಿಯ ತೋಟದಲ್ಲಿ ಅರಳಿದ ನಿಂಬೆ ಹೂವಿನ ಚಿತ್ರವನ್ನು ಒಂದು ಕಾರ್ಡಿನಲ್ಲಿ ತೆಗೆದಿರಿ. ಬಸವನ ಬಾಗೇವಾಡಿಯ ಬಸವೇಶ್ವರ ದೇವಾಲಯದ ಚಿತ್ರವನ್ನು ಇನ್ನೊಂದರಲ್ಲಿ ತೆಗೆದಿರಿ. ಎರಡನ್ನೂ ಕಂಪ್ಯೂಟರಿನ ಒಂದೇ ಫೋಲ್ಡರಿಗೆ ಹಾಕಿದಿರಿ. ಆಮೇಲೆ ತೆರೆದು ನೋಡಿದರೆ ದೇವಾಲಯ ಇದೆ, ಹೂವು ಇಲ್ಲ! ಅದು ಎಲ್ಲಿ ಹೋಯಿತು?

ಕಾರ್ಡಿನೊಳಗಿನ ಕಪಾಟು

ಕಾರ್ಡನ್ನು ಕಂಪ್ಯೂಟರಿಗೆ ಜೋಡಿಸಿದರೆ ‘ಡಿಸಿಐಎಂ’ ಎಂಬ ಫೋಲ್ಡರ್ ಕಾಣುತ್ತದೆ. ಇದನ್ನು ಒಂದು ಕಪಾಟು ಎನ್ನಬಹುದು. ಇದರೊಳಗೆ ಖಾನೆಗಳಂತೆ ಸಣ್ಣ ಫೋಲ್ಡರುಗಳಿರುತ್ತವೆ. ಅವುಗಳ ಹೆಸರು 100ರಿಂದ 999ರವರೆಗಿನ ಒಂದು ಸಂಖ್ಯೆಯಿಂದ ಆರಂಭವಾಗುತ್ತದೆ. ಪ್ರತಿ ಚಿತ್ರದ ಹೆಸರಿನ ಕೊನೆಯಲ್ಲಿ 0001ರಿಂದ 9999ರವರೆಗಿನ ಒಂದು ಸಂಖ್ಯೆ ಇರುತ್ತದೆ. ‘ಐಎಂಜಿ_0001’ ಇದಕ್ಕೆ ಉದಾಹರಣೆ.

ಈ ನಿಯಮದ ಹೆಸರು ಡಿಸಿಎಫ್. ಇದನ್ನು 1998ರಲ್ಲಿ ಜಪಾನಿನ ಎಲೆಕ್ಟ್ರಾನಿಕ್ ಉದ್ಯಮಗಳ ಸಂಘವೊಂದು ರೂಪಿಸಿತು. ಬೇರೆ ಬೇರೆ ಕಂಪನಿಗಳ ಕ್ಯಾಮೆರಾಗಳು ಇದನ್ನೇ ಅನುಸರಿಸುತ್ತವೆ. ಮೊಬೈಲ್ ಫೋನಿನಲ್ಲೂ ಡಿಸಿಐಎಂ ಫೋಲ್ಡರ್ ಇರುತ್ತದೆ. ಕ್ಯಾಮೆರಾ ತನ್ನ ಚಿತ್ರಗಳನ್ನು ಈ ಹೆಸರುಗಳಿಂದಲೇ ಗುರುತಿಸುತ್ತದೆ. ಆದ್ದರಿಂದ ಕಾರ್ಡಿನೊಳಗೇ ಹೆಸರು ಬದಲಿಸಿದರೆ ಆ ಚಿತ್ರ ಕ್ಯಾಮೆರಾದ ಪರದೆಯ ಮೇಲೆ ಕಾಣದೆ ಹೋಗಬಹುದು.

ಹೂವು ಮಾಯವಾದದ್ದು ಹೇಗೆ?

5ನೇ ತರಗತಿಯ ಹಾಜರಿ ಪುಸ್ತಕದಲ್ಲಿ 1ನೇ ನಂಬರಿನವರು ಒಬ್ಬರು. 6ನೇ ತರಗತಿಯಲ್ಲಿಯೂ 1ನೇ ನಂಬರಿನವರು ಇರುತ್ತಾರೆ. ತರಗತಿ ಹೇಳದೆ ನಂಬರ್ ಮಾತ್ರ ಕೂಗಿದರೆ ಗೊಂದಲವಾಗುವುದಲ್ಲವೇ? ಇಲ್ಲಿಯೂ ಹಾಗೆಯೇ. ಕೆಲವು ಕ್ಯಾಮೆರಾಗಳು ಹೊಸ ಕಾರ್ಡ್ ಹಾಕಿದಾಗ ಮತ್ತೆ 0001ರಿಂದ ಎಣಿಸುತ್ತವೆ. ಹೀಗಾಗಿ ಹೂವು, ದೇವಾಲಯ ಎರಡಕ್ಕೂ ‘ಐಎಂಜಿ_0001’ ಎಂಬ ಹೆಸರೇ ಬಂದಿತು. ಒಂದು ಫೋಲ್ಡರಿನಲ್ಲಿ ಒಂದೇ ಹೆಸರಿನ ಎರಡು ಕಡತಗಳು ಇರಲಾರವು. “ಹಳೆಯದನ್ನು ತೆಗೆದು ಹೊಸದನ್ನು ಇಡಲೇ?” ಎಂದು ಕಂಪ್ಯೂಟರ್ ಕೇಳುತ್ತದೆ. ಓದದೆ ‘ಹೌದು’ ಎಂದು ಒತ್ತಿದರೆ ಹಳೆಯ ಚಿತ್ರ ಹೋಯಿತು! ಕಾರ್ಡನ್ನೂ ಅಳಿಸಿದ್ದರೆ ಆ ಹೂವನ್ನು ಮತ್ತೆ ಎಲ್ಲಿಂದ ತರುವುದು? ಅದು ಅಷ್ಟರಲ್ಲಿ ಉದುರಿ ಕಾಯಿ ಕಟ್ಟಿರುತ್ತದೆ.

ವರ್ಷವನ್ನು ಮೊದಲು ಬರೆಯಿರಿ

ಕಂಪ್ಯೂಟರಿನಲ್ಲಿ ಪ್ರತಿ ಪ್ರವಾಸಕ್ಕೂ ಬೇರೆ ಫೋಲ್ಡರ್ ಮಾಡಿದರೆ ಈ ತೊಂದರೆ ಇಲ್ಲ. ಅದಕ್ಕೆ ದಿನಾಂಕ ಮತ್ತು ಊರಿನ ಹೆಸರು ಕೊಡಿ. ಸಿಂದಗಿಯ ತೊಗರಿ ರಾಶಿಯ ಚಿತ್ರಗಳನ್ನು 2025ರ ಜನವರಿ 6ರಂದು, ಮುದ್ದೇಬಿಹಾಳ ತಾಲ್ಲೂಕಿನ ಕೃಷ್ಣಾ ನದಿಯ ಚಿತ್ರಗಳನ್ನು ಫೆಬ್ರುವರಿ 4ರಂದು ತೆಗೆದಿರಿ ಎನ್ನೋಣ. 06-01-2025 ಮತ್ತು 04-02-2025 ಎಂದು ಬರೆದರೆ ಫೆಬ್ರುವರಿಯ ಫೋಲ್ಡರೇ ಮೊದಲು ನಿಲ್ಲುತ್ತದೆ. ಏಕೆಂದರೆ ಕಂಪ್ಯೂಟರ್ ಹೆಸರುಗಳನ್ನು ಎಡದಿಂದ ಹೋಲಿಸುತ್ತದೆ. 06ಕ್ಕಿಂತ 04 ಮೊದಲು. 2025-01-06_ಸಿಂದಗಿ, 2025-02-04_ಮುದ್ದೇಬಿಹಾಳ ಎಂದು ಬರೆದರೆ ಎರಡೂ ಕಾಲಕ್ರಮದಲ್ಲಿ ನಿಲ್ಲುತ್ತವೆ.

ಒಂದು ಗಿಡ ಮೊಗ್ಗಿನಿಂದ ಕಾಯಿಯವರೆಗೆ ಬೆಳೆಯುವುದನ್ನು ವಾರವಾರವೂ ಚಿತ್ರ ತೆಗೆದು ಗಮನಿಸುವವರಿಗೆ ಈ ಕ್ರಮ ಬಹಳ ಮುಖ್ಯ. ಯಾವ ಚಿತ್ರ ಯಾವ ದಿನದ್ದು ಎಂದು ತಿಳಿಯದಿದ್ದರೆ ಅದು ಬರೀ ಚಿತ್ರ; ತಿಳಿದಿದ್ದರೆ ಅದು ದಾಖಲೆ.

ನೆನಪಿಡಿ

1. ಚಿತ್ರ ತೆಗೆಯುವ ಮೊದಲು ಕ್ಯಾಮೆರಾದ ದಿನಾಂಕ, ಸಮಯ ಸರಿಯಾಗಿವೆಯೇ ನೋಡಿ. ಪ್ರತಿ ಚಿತ್ರದ ಕಡತದೊಳಗೂ ಅವು ದಾಖಲಾಗುತ್ತವೆ.
2. ಕಾರ್ಡಿನಲ್ಲಿ ಹೆಸರು ಬದಲಿಸಬೇಡಿ. ಕಂಪ್ಯೂಟರಿಗೆ ನಕಲು ಮಾಡಿದ ಮೇಲೆ ಬದಲಿಸಿ.
3. ನಕಲಾದ ಚಿತ್ರಗಳನ್ನು ಎಣಿಸಿ, ತೆರೆದು ನೋಡಿ. ಇನ್ನೊಂದು ಕಡೆಯೂ ಒಂದು ಪ್ರತಿ ಇಡಿ. ಆಮೇಲಷ್ಟೇ ಕಾರ್ಡನ್ನು ಖಾಲಿ ಮಾಡಿ.

ಕಂಪ್ಯೂಟರ್ ಇಲ್ಲದಿದ್ದರೂ ಇದನ್ನು ಮಾಡಿ ನೋಡಬಹುದು. ನಿಮ್ಮೂರಿನ ಐದು ಹಬ್ಬ, ಜಾತ್ರೆಗಳ ದಿನಾಂಕಗಳನ್ನು ಚೀಟಿಗಳಲ್ಲಿ ಎರಡೂ ರೀತಿಯಲ್ಲಿ ಬರೆದು, ಎಡದಿಂದ ಹೋಲಿಸುತ್ತಾ ಜೋಡಿಸಿ. ಯಾವುದು ಸರಿಯಾದ ಕ್ರಮದಲ್ಲಿ ಬಂದಿತು?