ಮುದ್ದಣನನ್ನು ಯಾವ ಕಾಲಂನಲ್ಲಿ ಕೂರಿಸೋಣ?

ಹಳೆಯ ಕನ್ನಡ ಪುಸ್ತಕಗಳನ್ನು ಸ್ಕ್ಯಾನ್ ಮಾಡುವ ಬೆಂಗಳೂರಿನ ಕೋಣೆಯೊಂದಕ್ಕೆ ಈಚೆಗೆ ಹೋಗಿದ್ದೆ. ಕ್ಯಾಮೆರಾ, ಗಾಜು, ದೀಪಗಳನ್ನೆಲ್ಲ ನೋಡಿ ಮುಗಿಸಿ ಮೂಲೆಯ ಕಂಪ್ಯೂಟರಿನ ಮುಂದೆ ಕೂತವನಿಗೆ ಅಲ್ಲಿಂದ ಏಳಲು ಮನಸ್ಸಾಗಲಿಲ್ಲ. ಸ್ವಯಂಸೇವಕಿಯೊಬ್ಬರು ಹೊಲಿಗೆ ಬಿಟ್ಟ ಪುಸ್ತಕವೊಂದರ ವಿವರ ತುಂಬುತ್ತಿದ್ದರು: ಶೀರ್ಷಿಕೆ, ಕರ್ತೃ, ಪ್ರಕಾಶಕ, ವರ್ಷ. ವರ್ಷ ಇರಬೇಕಾದ ಕಡೆ 'ಪ್ರಭವ ಸಂವತ್ಸರ' ಎಂದಷ್ಟೇ ಇತ್ತು. 1867 ಆಗಬಹುದು, 1927 ಆಗಬಹುದು, 1987ಕ್ಕೂ ಅಡ್ಡಿಯಿಲ್ಲ. ಅವರು ಬೆನ್ನುಪುಟ ತಿರುವಿ ಬೆಲೆ ನೋಡಿದರು. ಆರು ಆಣೆ. "ಆಣೆ ಅಂದ್ಮೇಲೆ ಎಂಬತ್ತೇಳು ಅಲ್ಲ ಸಾರ್." ಮುದ್ರಣಾಲಯದ ಹೆಸರನ್ನೂ ಅಕ್ಷರದ ಅಚ್ಚನ್ನೂ ನೋಡಿ 1927 ಎಂದು ಹೊಡೆದರು, ಪಕ್ಕದಲ್ಲೊಂದು ಪ್ರಶ್ನಾರ್ಥಕ ಚಿಹ್ನೆ ಇಟ್ಟರು. ಆ ಚಿಹ್ನೆಗೆ ನಾನು ಮರುಳಾದೆ.

ಮೆಟಾಡೇಟಾ ಎಂದರೆ ಪುಸ್ತಕದ ಬಗೆಗಿನ ಇಂಥ ವಿವರ, ಇಷ್ಟೇ. ಇದು ಸರಿಯಿಲ್ಲದಿದ್ದರೆ ಪುಸ್ತಕ ಅಂತರ್ಜಾಲದಲ್ಲಿದ್ದೂ ಇಲ್ಲ. ಭಾರತೀಯ ವಿಜ್ಞಾನ ಸಂಸ್ಥೆ, ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯಗಳು ಮುಂದೆ ನಿಂತು ಕಟ್ಟಿದ ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾದಲ್ಲಿ ಲಕ್ಷಗಟ್ಟಲೆ ಪುಸ್ತಕ ಸ್ಕ್ಯಾನಾದವು. ಕನ್ನಡ ಪುಸ್ತಕಗಳ ಹೆಸರು ಮಾತ್ರ ಇಂಗ್ಲಿಷ್ ಅಕ್ಷರಗಳಲ್ಲಿ, ಒಂದೊಂದು ಒಂದೊಂದು ಥರ. ಕನ್ನಡದಲ್ಲಿ ಹುಡುಕಿದವರಿಗೆ ಸೊನ್ನೆ. ಕೊನೆಗೆ 'ಸಂಚಯ' ತಂಡ 'ಸಮೂಹ ಸಂಚಯ'ದ ಮೂಲಕ ಓದುಗರ ಕೈಯಲ್ಲೇ ಆ ಹೆಸರುಗಳನ್ನು ಕನ್ನಡದಲ್ಲಿ ಬರೆಸಿತು.

ಇಂಥ ವಿವರಗಳಿಗೆ ಜಗತ್ತಿನ ಗ್ರಂಥಾಲಯಗಳು ಬಳಸುವ ಒಂದು ಚೌಕಟ್ಟು 'ಡಬ್ಲಿನ್ ಕೋರ್'. 1995ರಲ್ಲಿ ಹುಟ್ಟಿದ್ದು (ಐರ್ಲೆಂಡಿನದಲ್ಲ, ಅಮೆರಿಕದ ಒಹಾಯೊದ ಡಬ್ಲಿನ್‌ನಲ್ಲಿ), 15 ಮನೆಗಳದ್ದು. ಅದರ 'ಕರ್ತೃ' ಮನೆಯಲ್ಲಿ ನಮ್ಮ ಮುದ್ದಣನನ್ನು ಕೂರಿಸಿ ನೋಡೋಣ. ನಂದಳಿಕೆ ಲಕ್ಷ್ಮೀನಾರಣಪ್ಪ (1870–1901), ಉಡುಪಿಯ ಡ್ರಿಲ್ ಮಾಸ್ತರು. ತಾನೇ ಬರೆದದ್ದನ್ನು ಹಳಗಾಲದ ಕವಿಯ ಕೃತಿ ಎಂಬಂತೆ ಮೈಸೂರಿಗೆ ಕಳಿಸಿದ ಮಹಾನುಭಾವ. ಅಲ್ಲಿ ಅಚ್ಚೂ ಆಯಿತು. ಮುದ್ದಣ ಇವನೇ ಎಂದು ನಾಡಿಗೆ ತಿಳಿಯುವ ಹೊತ್ತಿಗೆ ಆಸಾಮಿ ತೀರಿಕೊಂಡಿದ್ದ. ಹಾಗಾದರೆ ಅವನ 'ಶ್ರೀರಾಮಾಶ್ವಮೇಧಂ' ಯಾರ ಹೆಸರಿಗೆ? "ಎರಡೂ ಹಾಕ್ತೀವಿ, ಇಬ್ಬರೂ ಒಬ್ಬರೇ ಅಂತ ಜೋಡಿಸ್ತೀವಿ" ಎಂದರು ಆಕೆ. ಕುವೆಂಪು ಜೊತೆಗೆ ಕೆ.ವಿ. ಪುಟ್ಟಪ್ಪ, ತ್ರಿವೇಣಿ ಜೊತೆಗೆ ಅನಸೂಯಾ ಶಂಕರ್. ಕಾವ್ಯನಾಮಗಳ ಈ ನಾಡಿನಲ್ಲಿ ಗಂಟು ಹಾಕುವ ಕೆಲಸಕ್ಕೆ ಬರವಿಲ್ಲ.

ಈಗ ಯಂತ್ರವೇ ಪುಟಪುಟವನ್ನೂ ಓದುತ್ತದಲ್ಲ, ಈ ಗುಮಾಸ್ತಗಿರಿ ಯಾಕೆ ಎನ್ನುವವರಿದ್ದಾರೆ. ನನಗೆ ಆ ಮಾತು ಗಂಟಲಲ್ಲಿ ಇಳಿಯುವುದಿಲ್ಲ. ಕಾವ್ಯವನ್ನು ಎಷ್ಟು ಸಲ ಓದಿಸಿದರೂ ಆ ಡ್ರಿಲ್ ಮಾಸ್ತರು ಅದರೊಳಗೆ ಸಿಕ್ಕುವವನಲ್ಲ. ಹೊರಗಿನಿಂದ ಬಲ್ಲವರೇ ಬಂದು ಹೇಳಬೇಕು.

'ಶ್ರೀರಾಮಾಶ್ವಮೇಧಂ'ಗೆ 'ವಿಷಯ'ದ ಕಾಲಂನಲ್ಲಿ ಏನು ಹಾಕುತ್ತೀರಿ, ಗದ್ಯವೋ ಕಾವ್ಯವೋ ಎಂದು ಸ್ವಯಂಸೇವಕಿಯನ್ನು ಕೆಣಕಿದೆ. ಗದ್ಯವೋ ಪದ್ಯವೋ ಎಂಬ ಜಗಳವನ್ನು ಮುದ್ದಣನ ಮಡದಿ ಮನೋರಮೆ ಕೃತಿಯೊಳಗೇ ತೀರಿಸಿದ್ದಾಳಲ್ಲ! ಸ್ವಯಂಸೇವಕಿ ಮಾತ್ರ ತಲೆ ಕೆಡಿಸಿಕೊಳ್ಳಲಿಲ್ಲ. "ಗದ್ಯ ಅಂತ ಹುಡುಕೋರೂ ಬರ್ತಾರೆ, ಕಾವ್ಯ ಅಂತ ಹುಡುಕೋರೂ ಬರ್ತಾರೆ. ಎರಡೂ ಇರ್ಲಿ ಬಿಡಿ ಸಾರ್."