ಕತ್ತಿಗಳ ಸಂಗ್ರಹವೂ ಅದರ ಮುಂದಿನ ಗತಿಯೂ

ಸಂಗ್ರಹಿಸುವ ಆಸೆ ಮನುಷ್ಯನಿಗೆ ಸಹಜವಾದುದು. ಒಬ್ಬರು ನಾಣ್ಯಗಳನ್ನು ಕೂಡಿಡುವರು, ಮತ್ತೊಬ್ಬರು ಗ್ರಂಥಗಳನ್ನು. ಕತ್ತಿ, ಚೂರಿ, ಕಠಾರಿ, ಅಡಕತ್ತರಿಗಳನ್ನು ಅಕ್ಕರೆಯಿಂದ ಕೂಡಿಟ್ಟು, ಆಯುಧಪೂಜೆಯ ದಿನ ಹೂವು ಗಂಧಗಳಿಂದ ಅರ್ಚಿಸುವ ಗೃಹಸ್ಥರೂ ನಮ್ಮಲ್ಲಿ ಉಂಟು. ಆದರೆ ತಾವು ಕಾಲವಾದ ಮೇಲೆ ಅವುಗಳ ಗತಿಯೇನೆಂಬುದನ್ನು ಇವರಲ್ಲಿ ಅನೇಕರು ಯೋಚಿಸುವುದಿಲ್ಲ. ಮರಣದ ಮಾತನ್ನೆತ್ತುವುದು ಅಮಂಗಳವೆಂಬ ಸಂಕೋಚವೇ ಇದಕ್ಕೆ ಮುಖ್ಯ ಕಾರಣ.

ಇತರ ಸಂಗ್ರಹಗಳಿಗಿಂತಲೂ ಕತ್ತಿಗಳ ವಿಷಯ ಕಠಿನತರವಾದುದು. ಚಿನ್ನದ ಬೆಲೆಯನ್ನು ಮನೆಮಂದಿಯೆಲ್ಲರೂ ಬಲ್ಲರು. ಗ್ರಂಥದ ಹೆಸರು ಅದರ ಮೇಲೆಯೇ ಇರುತ್ತದೆ. ಕತ್ತಿಯಾದರೋ ಮೂಕವಸ್ತು. ಅದನ್ನು ಯಾವ ಊರಿನಲ್ಲಿ ಮಾಡಿದರು, ಯಾರಿಂದ ಬಂದಿತು, ಯಾವ ಒರೆಗೆ ಸೇರಿದುದು ಎಂಬ ಜ್ಞಾನವೆಲ್ಲ ಯಜಮಾನನ ಮನಸ್ಸಿನಲ್ಲಿ ಮಾತ್ರ ಇರುತ್ತದೆ; ಅವನೊಡನೆಯೇ ಅದೂ ಹೊರಟುಹೋಗುತ್ತದೆ. ಉಳಿದವರ ಕಣ್ಣಿಗೆ ಕಾಣುವುದು ತುಕ್ಕು ಹಿಡಿದ ಕಬ್ಬಿಣ. ಕೊಡಗಿನ ಒಡಿಕತ್ತಿಯನ್ನು ಬೆನ್ನ ಹಿಂದೆ ಧರಿಸುವರೆಂದು ಅರಿಯದವರು ಅದರ ಹಿತ್ತಾಳೆಯ ಕೊಂಡಿಯನ್ನು ಬೇರೆ ಸಾಮಾನೆಂದು ಎಣಿಸಿ ಗುಜರಿಯವನಿಗೆ ತೂಕಕ್ಕೆ ಹಾಕಿದರೆ ಆಶ್ಚರ್ಯವೇನು?

ದೊಡ್ಡ ಮನೆತನಗಳ ಚರಿತ್ರೆಯೂ ಇಲ್ಲಿ ಬೋಧಪ್ರದವಾಗಿದೆ. ಹೈದರಾಬಾದಿನ ಮೂರನೆಯ ಸಾಲಾರ್ ಜಂಗರು ಅವಿವಾಹಿತರಾಗಿ 1949ರಲ್ಲಿ ತೀರಿಕೊಂಡರು. ಅಸಂಖ್ಯಾತ ವಸ್ತುಗಳು ಅವರ ಅರಮನೆಗಳಲ್ಲಿ ಚದರಿಬಿದ್ದಿದ್ದುವು. 1951ರಲ್ಲಿ ಅವುಗಳಿಂದ ವಸ್ತುಸಂಗ್ರಹಾಲಯವೇನೋ ಏರ್ಪಟ್ಟಿತು. ಆದರೆ ವಾರಸುದಾರರ ಒಪ್ಪಿಗೆಯಿಂದ ಅದು ಸರ್ಕಾರಕ್ಕೆ ಸೇರುವುದಕ್ಕೆ 1958ರ ರಾಜಿ ಒಪ್ಪಂದದವರೆಗೂ ಕಾಯಬೇಕಾಯಿತು. ನೂರ್ ಜಹಾನಳದೆಂದು ಹೇಳುವ ಹಣ್ಣಿನ ಕತ್ತಿಯನ್ನು ನಾವು ಇಂದು ಅಲ್ಲಿ ನೋಡುತ್ತಿರುವುದು ಆ ಒಪ್ಪಂದದ ಫಲ.

ಲಂಡನ್ನಿನಲ್ಲಿ ಲೇಡಿ ವಾಲೇಸರು 1897ರಲ್ಲಿ ಕಾಲವಾದಾಗ, ಹಿಂದೂದೇಶದ ಕಠಾರಿಗಳೂ ಸೇರಿದ್ದ ತಮ್ಮ ಮನೆಯ ಸಂಗ್ರಹವನ್ನು ರಾಷ್ಟ್ರಕ್ಕೆ ಬರೆದಿಟ್ಟಿದ್ದರು. ಅದನ್ನು ಅನ್ಯವಸ್ತುಗಳೊಡನೆ ಬೆರೆಸದೆ ಒಂದೇ ಕಡೆ ಇಡಬೇಕೆಂಬುದು ಅವರ ನಿಬಂಧನೆ. ಇದರಿಂದ ಸಂಗ್ರಹವು ಚೆದರದೆ ಉಳಿಯಿತು. ಆದರೆ ಆ ಮಾತಿಗೆ ಕಟ್ಟುಬಿದ್ದು, ಅಲ್ಲಿಯ ವಸ್ತುಗಳನ್ನು ಬೇರೆ ಪ್ರದರ್ಶನಗಳಿಗೆ ಎರವಲು ಕೊಡುವುದು 2019ರವರೆಗೂ ಸಾಧ್ಯವಾಗಲಿಲ್ಲ. ಬರೆದ ಮಾತು ರಕ್ಷಿಸುವಂತೆಯೇ ಬಂಧಿಸಲೂ ಬಲ್ಲದು.

ಪುಣೆಯ ದಿನಕರ ಕೇಳ್ಕರರ ಮಾರ್ಗವು ಬೇರೆ. ಅಡಕತ್ತರಿ, ದೀಪ, ಪಾತ್ರೆಗಳಂತಹ ಮನೆಬಳಕೆಯ ವಸ್ತುಗಳನ್ನು ಅವರು ಜೀವಮಾನವೆಲ್ಲ ಕೂಡಿಸಿ, ಬಾಲ್ಯದಲ್ಲಿಯೇ ಅಗಲಿದ ಮಗ ರಾಜನ ಹೆಸರನ್ನು ಸಂಗ್ರಹಾಲಯಕ್ಕಿಟ್ಟು, ತಾವು ಬದುಕಿರುವಾಗಲೇ ಮಹಾರಾಷ್ಟ್ರ ಸರ್ಕಾರಕ್ಕೆ ಒಪ್ಪಿಸಿದರು. ಕೊಟ್ಟವನೇ ಎದುರಿಗಿದ್ದು ಪ್ರತಿಯೊಂದರ ವೃತ್ತಾಂತವನ್ನು ಹೇಳುವುದಕ್ಕಿಂತ ಉತ್ತಮವಾದ ದಾನಪತ್ರವುಂಟೆ?

ಸಾಮಾನ್ಯ ಗೃಹಸ್ಥನು ಮಾಡಬೇಕಾದುದೇನು? ಮೊದಲನೆಯದಾಗಿ ಪಟ್ಟಿ. ಒಂದೊಂದು ಕತ್ತಿಗೂ ಸಂಖ್ಯೆಯನ್ನು ಕೊಟ್ಟು, ಒರೆಗೆ ಅದೇ ಸಂಖ್ಯೆಯ ಚೀಟಿಯನ್ನು ಕಟ್ಟಿ, ಅಲಗಿನ ಉದ್ದ, ಹಿಡಿಯ ದ್ರವ್ಯ, ಬಂದ ಮೂಲ, ಕೊಟ್ಟ ಬೆಲೆ ಇವನ್ನು ಭಾವಚಿತ್ರ ಸಮೇತ ಪುಸ್ತಕದಲ್ಲಿ ಬರೆದಿಡಬೇಕು. ತೊಗಲಿನ ಒರೆಯಲ್ಲಿ ಅಲಗನ್ನು ಬಹುಕಾಲ ಇಟ್ಟರೆ ತುಕ್ಕು ಹಿಡಿಯುವುದೆಂದೂ, ಹಳೆಯ ಅಲಗನ್ನು ಉಜ್ಜಿ ಹೊಳಪು ಮಾಡಿದರೆ ಬೆಲೆ ಕೆಡುವುದೆಂದೂ ಅಲ್ಲಿಯೇ ಸೂಚಿಸಿರಬೇಕು.

ಎರಡನೆಯದಾಗಿ ಕಾನೂನು. 2016ರ ಆಯುಧ ನಿಯಮಗಳು 9 ಅಂಗುಲಕ್ಕಿಂತ ಉದ್ದವಾದ ಅಥವಾ 2 ಅಂಗುಲಕ್ಕಿಂತ ಅಗಲವಾದ ಅಲಗುಗಳನ್ನು ಆಯುಧಗಳ ವರ್ಗಕ್ಕೆ ಸೇರಿಸಿವೆ. ಅಡಿಗೆ, ವ್ಯವಸಾಯ ಮೊದಲಾದ ಕೆಲಸಗಳಿಗಾಗಿ ಮಾಡಿದವು ಇದಕ್ಕೆ ಹೊರತು. ಆದುದರಿಂದ ಮಾರುವ ಅಥವಾ ಹಸ್ತಾಂತರಿಸುವ ಮುನ್ನ ಪೊಲೀಸ್ ಠಾಣೆಯಲ್ಲಿ ವಿಚಾರಿಸುವುದು ಲೇಸು. ಹಿಡಿಯು ದಂತದ್ದಾಗಿದ್ದರೆ ಮಾರಾಟವು ನಿಷಿದ್ಧ. ವನ್ಯಜೀವಿ ಕಾನೂನಿಗೆ ಒಳಪಟ್ಟ ಇಂತಹ ವಸ್ತುವು ಉತ್ತರಾಧಿಕಾರದಿಂದ ಬಂದರೆ, ಪಡೆದವರು 90 ದಿನಗಳೊಳಗೆ ಮುಖ್ಯ ವನ್ಯಜೀವಿ ಪರಿಪಾಲಕರಿಗೆ ಘೋಷಣೆಯನ್ನು ಸಲ್ಲಿಸಬೇಕು. ನೂರು ವರ್ಷಕ್ಕೆ ಕಡಮೆಯಿಲ್ಲದ ಪುರಾತನ ವಸ್ತುವನ್ನು ಖಾಸಗಿಯವರು ವಿದೇಶಕ್ಕೆ ಸಾಗಿಸುವುದನ್ನು 1972ರ ಕಾನೂನು ನಿಷೇಧಿಸಿದೆ. ಮಕ್ಕಳು ಅಮೆರಿಕದಲ್ಲಿ ನೆಲೆಸಿರುವ ತಂದೆತಾಯಿಗಳು ಇದನ್ನು ಮರೆಯಬಾರದು.

ಮೂರನೆಯದು ಉಯಿಲು. ಅದಕ್ಕೆ ಬರೆದವರ ಸಹಿಯೂ ಇಬ್ಬರು ಸಾಕ್ಷಿಗಳ ಸಹಿಯೂ ಇರಬೇಕು. ನೋಂದಣಿ ಕಡ್ಡಾಯವಲ್ಲದಿದ್ದರೂ ಹಿತಕರ. ವಸ್ತುವನ್ನು ಪಡೆಯುವವರನ್ನೇ ಸಾಕ್ಷಿಯಾಗಿ ಕರೆಯದಿರುವುದು ವಿವೇಕ. ‘ನನ್ನ ಕತ್ತಿಗಳು ಮಕ್ಕಳಿಗೆ’ ಎಂದು ಬರೆದರೆ ಕಲಹಕ್ಕೆ ಬೀಜ ಬಿತ್ತಿದಂತೆ. ಪಟ್ಟಿಯ ಯಾವ ಸಂಖ್ಯೆ ಯಾರಿಗೆಂದು ಸ್ಪಷ್ಟವಾಗಿರಲಿ. ಹೆಣ್ಣುಮಕ್ಕಳಿಗೆ ಕತ್ತಿಯೇಕೆಂದು ಅವರನ್ನು ಬಿಡುವುದು ನ್ಯಾಯವಲ್ಲ. ಸಂಗ್ರಹಾಲಯಕ್ಕೆ ಕೊಡುವ ಮನಸ್ಸಿದ್ದರೆ ಮೊದಲೇ ಪತ್ರ ಬರೆದು ಅವರ ಸಮ್ಮತಿಯನ್ನು ಪಡೆಯಬೇಕು. ಬೇಡವೆನ್ನುವ ಅಧಿಕಾರ ಅವರಿಗೂ ಉಂಟು. ನಿಬಂಧನೆಗಳು ಹೆಚ್ಚಿದಷ್ಟೂ ಅವರ ಹಿಂಜರಿಕೆಯೂ ಹೆಚ್ಚುವುದು.

ಎಲ್ಲಕ್ಕಿಂತ ಮುಖ್ಯವಾದುದು ಕೇಳುವುದು. ಮಕ್ಕಳಲ್ಲಿ ಯಾರಿಗೆ ಇವುಗಳಲ್ಲಿ ನಿಜವಾದ ಆಸಕ್ತಿಯಿದೆ? ಯಾರಿಗೂ ಇಲ್ಲದಿದ್ದರೆ ಮನಸ್ಸಿಗೆ ನೋವಾಗುವುದು ಸಹಜ. ಆದರೂ ಆ ಉತ್ತರವು ನಾವಿರುವಾಗಲೇ ತಿಳಿಯುವುದು ಶ್ರೇಯಸ್ಕರ. ಆಗ ಯೋಗ್ಯರನ್ನು ಹುಡುಕಿ ನಮ್ಮ ಕೈಯಿಂದಲೇ ಕೊಡಬಹುದು. ಉಚಿತ ಬೆಲೆಗೆ ಮಾರಿ ಮನೆಯಾಕೆಯ ಮುಂದಿನ ದಿನಗಳಿಗೆ ಹಣವನ್ನು ಕೂಡಿಡಲೂಬಹುದು. ಪತಿಶೋಕದ ನಡುವೆ ಪೆಟ್ಟಿಗೆಯ ತುಂಬ ಹರಿತವಾದ ಅಲಗುಗಳನ್ನು ಎದುರಿಗಿಟ್ಟುಕೊಂಡು, ಇವನ್ನೇನು ಮಾಡಲೆಂದು ಯಾರನ್ನು ಕೇಳಬೇಕೆಂದೇ ತಿಳಿಯದೆ ಕುಳಿತುಕೊಳ್ಳುವ ಸ್ಥಿತಿ ಆಕೆಗೆ ಬಾರದಂತೆ ನೋಡಿಕೊಳ್ಳುವುದು ಗೃಹಸ್ಥನ ಧರ್ಮವಲ್ಲವೇ?

ಬರುವ ಆಯುಧಪೂಜೆಗೆ ಕತ್ತಿಗಳನ್ನು ಹೇಗೂ ಕೆಳಗಿಳಿಸುವಿರಿ. ಪೂಜೆಯಾದ ಬಳಿಕ ಅವನ್ನು ಕೂಡಲೇ ಪೆಟ್ಟಿಗೆಗೆ ಸೇರಿಸದೆ, ಮನೆಯವರನ್ನು ಬಳಿಯಲ್ಲಿ ಕುಳ್ಳಿರಿಸಿಕೊಂಡು, ಮೊದಲನೆಯ ಸಂಖ್ಯೆಯನ್ನು ಅಂದೇ ಬರೆಯಿರಿ.